ಡೆಲಿಮಾಳ ಮುಂದೆ ಬಾಯಿ ಮುಚ್ಚಿಕೊಂಡ ಊರು

ಆಲ್ಡರ್ ಫಾಲ್ಸ್‌ನ ಉಣ್ಣೆ ಮಿಲ್ಲಿನ ನೇಯ್ಗೆ ಕೋಣೆಯಲ್ಲಿ ಯಾರೂ ಕೂಗಿ ಮಾತಾಡುತ್ತಿರಲಿಲ್ಲ. ಕೂಗಿದರೂ ಕೇಳುತ್ತಿರಲಿಲ್ಲ. ಎರಡು ಸಾಲು ಮಗ್ಗಗಳು ಒಟ್ಟಿಗೆ ಬಡಿಯತೊಡಗಿದರೆ ನೆಲ ಅದುರುತ್ತಿತ್ತು, ಕಿಟಕಿ ಅದುರುತ್ತಿತ್ತು, ಹಲ್ಲು ಕೂಡ ಅದುರುತ್ತಿತ್ತು. ಹಾಗಾಗಿ ಅಲ್ಲಿನ ಹೆಂಗಸರು ದನಿ ಬಿಟ್ಟು ಬರೀ ತುಟಿಯಾಡಿಸಿ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದರು. ಯಾರ ಮನೆಯಲ್ಲಿ ಜಗಳ, ಯಾರಿಗೆ ತಿಂಗಳು ತುಂಬಿದೆ, ಯಾರ ಗಂಡ ಕುಡಿದು ನದಿಯ ಏರಿಯ ಮೇಲೆ ಮಲಗಿದ್ದ, ಎಲ್ಲವೂ ಒಂದು ಮಗ್ಗದಿಂದ ಇನ್ನೊಂದು ಮಗ್ಗಕ್ಕೆ ಸದ್ದಿಲ್ಲದೆ ದಾಟುತ್ತಿತ್ತು.

ಅವರೆಲ್ಲರಲ್ಲಿ ಚೆನ್ನಾಗಿ ತುಟಿ ಓದುತ್ತಿದ್ದವಳು ಡೆಲಿಮಾ ವಾಶೋಂ. ಅವಳ ಅಜ್ಜ ಕೆನಡಾದಿಂದ ಮಿಲ್ಲಿನ ಕೆಲಸಕ್ಕೆಂದೇ ಬಂದವನು. ತಾಯಿ ನಿಂತಿದ್ದ ಮಗ್ಗದ ಮುಂದೆಯೇ ಡೆಲಿಮಾ ಹದಿನಾರನೇ ವಯಸ್ಸಿಗೆ ನಿಂತಳು. ಗಂಡ ಯೂಜೀನ್ ವಿಮಾನದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಕನೆಕ್ಟಿಕಟ್‌ಗೆ ಹೋದವನು ತಿರುಗಿ ಬರಲಿಲ್ಲ. ಮಕ್ಕಳಿರಲಿಲ್ಲ. ಐವತ್ತಾಗುವ ಹೊತ್ತಿಗೆ ಮಗ್ಗಗಳ ಸದ್ದು ಅವಳ ಕಿವಿಯನ್ನು ಪೂರ್ತಿ ತಿಂದುಹಾಕಿತ್ತು. ಅದು ಅವಳಿಗೆ ತಿಳಿದದ್ದೂ ತಡವಾಗಿಯೇ. ಒಂದು ಭಾನುವಾರ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, "ಓಪಲ್, ಈಗೀಗ ಚರ್ಚಲ್ಲಿ ಗಂಟೆ ಯಾಕೆ ಹೊಡೀತಿಲ್ಲ?" ಎಂದು ಕೇಳಿದಳು. ಆಗ ಗಂಟೆ ಹೊಡೆಯುತ್ತಲೇ ಇತ್ತು.

ಕೆನಾಲ್ ಬೀದಿಯಲ್ಲಿ ಡೆಲಿಮಾ ಇದ್ದ ಮನೆಯ ಮಹಡಿಯಲ್ಲೇ ನಾನಿದ್ದೆ. ಮಿಲ್ಲಿನ ಕೆಳ ಅಂತಸ್ತಿನಲ್ಲಿ ಕಂಬಳಿಗಳ ಅಂಚು ಹೊಲಿಯುವುದು ನನ್ನ ಕೆಲಸ. ಅಲ್ಲಿ ಅಷ್ಟು ಗದ್ದಲವಿರಲಿಲ್ಲವಾದ್ದರಿಂದ ಆ ತುಟಿಮಾತು ನನಗೆ ಬರಲೇ ಇಲ್ಲ.

ಡೆಲಿಮಾಳ ಎದುರು ಮಗ್ಗದಲ್ಲಿದ್ದವಳು ವರ್ನಾ ಹ್ಯಾಸ್ಕೆಲ್. ಇಬ್ಬರೂ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಎದುರುಬದುರು ನಿಂತು ನೇಯ್ದವರು. ವರ್ನಾ ಬಾಯಿಬಡುಕಿ, ಡೆಲಿಮಾ ಮಿತಭಾಷಿ. ಒಬ್ಬಳಿಗೆ ಹೇಳುವ ಚಪಲ, ಇನ್ನೊಬ್ಬಳಿಗೆ ನೋಡುವ ತಾಳ್ಮೆ. ಜೋಡಿ ಚೆನ್ನಾಗಿಯೇ ಕೂಡಿತ್ತು.

ನೇಯ್ಗೆ ಕೋಣೆಯ ಕೊನೆಯಲ್ಲಿ ಗಾಜಿನ ಗೋಡೆಯ ಆಫೀಸು ಇತ್ತು. ಒಂದು ಅಕ್ಟೋಬರ್‌ನಲ್ಲಿ ಬಾಸ್ಟನ್ನಿನಿಂದ ಮಾಲೀಕರ ಕಡೆಯ ಇಬ್ಬರು ಬಂದು ಮ್ಯಾನೇಜರ್ ಪ್ರೆಸ್ಕಟ್ ಜೊತೆ ಅಲ್ಲಿ ಕುಳಿತರು. ಬಾಗಿಲು ಹಾಕಿದ್ದರು. ಗಾಜಿನಾಚೆ ಮಾತು ಹೋಗದೆಂದು ಅವರಿಗೆ ಧೈರ್ಯ. ಹರಿದ ನೂಲು ಗಂಟು ಹಾಕಿ ತಲೆಯೆತ್ತಿದ ಡೆಲಿಮಾಳ ಕಣ್ಣಿಗೆ ಅವರಲ್ಲೊಬ್ಬನ ತುಟಿ ಬಿತ್ತು. ಮಾರ್ಚ್‌ವರೆಗೆ ಎಳೆಯಿರಿ, ಆಮೇಲೆ ಮಗ್ಗಗಳನ್ನು ದಕ್ಷಿಣಕ್ಕೆ ಸಾಗಿಸೋಣ, ಕ್ರಿಸ್‌ಮಸ್‌ಗೆ ಮುಂಚೆ ಯಾರಿಗೂ ಹೇಳುವುದು ಬೇಡ ಎಂದು ಅವನು ಹೇಳುತ್ತಿದ್ದ. ಪ್ರೆಸ್ಕಟ್ ತಲೆಯಾಡಿಸುತ್ತಿದ್ದ.

ಅವಳು ಅದನ್ನು ಹೇಳಿದ್ದು ವರ್ನಾಳಿಗೆ ಮಾತ್ರ. ವರ್ನಾಳ ಗಂಡ ಲೀಲಂಡ್‌ಗೂ ಇದೇ ಮಿಲ್ಲಿನ ಬಣ್ಣ ಹಾಕುವ ವಿಭಾಗದಲ್ಲಿ ಕೆಲಸ. ಅವನು ಬೇರೆ ಕಡೆ ದಾರಿ ನೋಡಿಕೊಳ್ಳಲಿ, ವಿಷಯ ಹೊರಗೆ ಬಿಡಬೇಡ ಎಂದೂ ಹೇಳಿದಳು. ವರ್ನಾಳ ಬಾಯಲ್ಲಿ ಅದು ಮಧ್ಯಾಹ್ನದ ಊಟದವರೆಗೂ ನಿಲ್ಲಲಿಲ್ಲ. ಯಾರು ಹೇಳಿದರು ಎಂದು ಕೇಳಿದವರಿಗೆಲ್ಲ, "ಡೆಲಿಮಾ ನೋಡಿದಾಳೆ ಕಣ್ರೇ, ಗಾಜಿನೊಳಗೆ" ಎಂದು ಹೆಸರನ್ನೂ ಸೇರಿಸಿ ಹಂಚಿದಳು.

ಎರಡು ದಿನ ಬಿಟ್ಟು ಪ್ರೆಸ್ಕಟ್ ಎಲ್ಲರನ್ನೂ ಅಂಗಳದಲ್ಲಿ ಸೇರಿಸಿದ.

"ಕಿವಿ ಕೇಳದ ಹೆಂಗಸೊಬ್ಬಳು ನಮ್ಮ ಬಾಯಲ್ಲಿ ಮಿಲ್ಲು ಮುಚ್ಚೋದನ್ನ ಕಂಡಳಂತೆ," ಎಂದ. "ಆವತ್ತು ನಾವು ಸ್ಯಾಂಡ್‌ವಿಚ್ ತಿಂತಾ ಇದ್ವಿ ಕಣ್ರಪ್ಪ. ಅದರೊಳಗಿದ್ದ ಹಂದಿಮಾಂಸ ಏನಾದ್ರೂ ಮಾತಾಡಿರಬೇಕು."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಬೇಕೆಂಬ ಆಸೆ ಎಲ್ಲರಿಗೂ ಇತ್ತು. ಡೆಲಿಮಾ ಮೂರನೇ ಸಾಲಿನಲ್ಲಿ ನಿಂತು ಅವನ ತುಟಿಯನ್ನೇ ನೋಡುತ್ತಿದ್ದಳು. ವರ್ನಾ ಅವಳ ಪಕ್ಕದಲ್ಲೇ ಇದ್ದು ನೆಲ ನೋಡುತ್ತಿದ್ದಳು.

ಆದರೂ ಅನುಮಾನ ಒಳಗೆ ಹೊಕ್ಕಿತ್ತು. ಒಳ್ಳೆಯ ನೇಕಾರರು ಕೆಲವರು ಕಾಗದದ ಮಿಲ್ಲಿಗೆ ಹೋದರು. ಸರಕು ತಡವಾಯಿತು. ದೊಡ್ಡ ಅಂಗಡಿಯವರೊಬ್ಬರು ಕಂಬಳಿಗಳನ್ನು ಬೇರೆ ಕಡೆ ಕೊಂಡರು. ಮಾರ್ಚ್‌ನಲ್ಲಿ, ಬಾಸ್ಟನ್ನಿನವನು ಹೇಳಿದ್ದ ತಿಂಗಳಲ್ಲೇ, ಮಿಲ್ಲಿನ ಗೇಟಿಗೆ ಬೀಗ ಬಿತ್ತು. ಬೀಗದ ಪಕ್ಕ ಅಂಟಿಸಿದ ನೋಟಿಸಿನಲ್ಲಿ, ಸುಳ್ಳು ವದಂತಿಯಿಂದ ಗಿರಾಕಿಗಳ ನಂಬಿಕೆ ಕೆಟ್ಟದ್ದೂ ಒಂದು ಕಾರಣ ಎಂದು ಬರೆದಿತ್ತು.

ಬಾಸ್ಟನ್ನಿನವರ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ? ಅವರು ಕಣ್ಣಿಗೆ ಬೀಳುವವರಲ್ಲ. ಡೆಲಿಮಾ ದಿನವೂ ಬೀದಿಯಲ್ಲಿ ಕಾಣುತ್ತಿದ್ದಳು.

ಆ ವಸಂತದಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಶನಿವಾರದ ಊಟ ಇಟ್ಟುಕೊಂಡಿದ್ದರು. ಬೆಲ್ಲದ ಪಾಕದಲ್ಲಿ ಬೆಂದ ಬೀನ್ಸ್ ಕಾಳು, ಕಂದು ರೊಟ್ಟಿ, ಎಲೆಕೋಸು. ನಾನೂ ಡೆಲಿಮಾಳೂ ತಟ್ಟೆ ಹಿಡಿದು ಜಾಗ ಹುಡುಕುತ್ತಿದ್ದೆವು. ಉದ್ದ ಮೇಜಿನ ಆ ತುದಿಯಲ್ಲಿ ವರ್ನಾ ನಮಗೆ ಪಕ್ಕೆ ಕೊಟ್ಟು ಕೂತಿದ್ದಳು. ಪಕ್ಕದವಳಿಗೆ ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ, ಅಷ್ಟು ದೂರ. ಡೆಲಿಮಾ ತಟ್ಟೆಯನ್ನು ಹತ್ತಿರದ ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಟುಬಿಟ್ಟಳು. ನಾನು ಹಿಂದೆಯೇ ಓಡಿದೆ.

"ಏನಂದ್ಲು?"

"ಆ ಕಿವುಡಿ ಕಣ್ಣು ತೆರೀದೆ ಇದ್ದಿದ್ರೆ ನಮ್ಮ ಒಲೆ ಉರೀತಿತ್ತು ಅಂದ್ಲು."

"ಊರಿಗೆಲ್ಲ ಸಾರಿದೋಳು ಅವಳೇ ಅಲ್ವೇ? ಹೋಗಿ ಎಲ್ಲರ ಮುಂದೆ ಹೇಳು."

"ಮನೇಲಿ ನಾಕು ಜನ ಇದ್ದಾರೆ ಅವಳಿಗೆ," ಎಂದಳು ಡೆಲಿಮಾ. ಯಾಕೆ ಹಾಗೆಂದಳೋ ನನಗೆ ಆಗ ಹೊಳೆಯಲಿಲ್ಲ. ಊರು ವರ್ನಾಳನ್ನು ದೂಷಿಸಿದರೆ ನಾಲ್ಕು ಜನಕ್ಕೆ ತಟ್ಟುತ್ತದೆ, ತನಗಾದರೆ ತಾನೊಬ್ಬಳೇ ಎಂಬ ಲೆಕ್ಕ ಅವಳದು.

ಮೊದಲು ಅಂಗೈಯಿಂದ ಬಾಯಿ ಮುಚ್ಚಿಕೊಂಡವನು ಅಂಚೆ ಕಚೇರಿಯ ಹೋಬರ್ಟ್. ಅವಳು ಒಳಗೆ ಬಂದ ತಕ್ಷಣ ಅಂಗೈ ಅಡ್ಡ ಹಿಡಿದು, "ಹುಷಾರಪ್ಪ, ತುಟಿ ಓದೋರು ಬಂದ್ರು" ಎಂದು ನಗಿಸಿದ. ತಮಾಷೆ ಹಬ್ಬಿತು. ಆಮೇಲೆ ತಮಾಷೆ ಹೋಗಿ ಅಭ್ಯಾಸ ಉಳಿಯಿತು. ಅಂಗಡಿಯಲ್ಲಿ, ಸೇತುವೆಯ ಮೇಲೆ, ಚರ್ಚಿನ ಬೆಂಚಿನಲ್ಲಿ, ಅವಳು ಕಂಡರೆ ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ಚಳಿಗಾಲದಲ್ಲಿ ಕೈಯೂ ಬೇಕಿರಲಿಲ್ಲ, ಕುತ್ತಿಗೆಗೆ ಸುತ್ತಿದ ಉಣ್ಣೆಯ ಪಟ್ಟಿಯನ್ನು ಮೂಗಿನವರೆಗೆ ಎಳೆದುಕೊಂಡರೆ ಸಾಕು. ಕಿವಿ ಮೊದಲೇ ಹೋಗಿತ್ತು. ಕೇಳಲು ಅವಳಿಗಿದ್ದ ಇನ್ನೊಂದೇ ದಾರಿಗೂ ಊರು ಹೀಗೆ ಬಾಗಿಲು ಹಾಕಿತು.

ಅವಳು ಪಕ್ಕದೂರಿನ ಶಾಲೆಯಲ್ಲಿ ನೆಲ ಒರೆಸುವ ಕೆಲಸ ಹಿಡಿದಳು, ಮಕ್ಕಳು ಮನೆಗೆ ಹೋದ ಮೇಲಿನ ಕೆಲಸ. ಮಾತಾಡದೆ ಮಾತಾಡದೆ ಅವಳ ದನಿಯೇ ಹಾಳಾಯಿತು. ಒಮ್ಮೆ ಅರಚಿದಂತೆ, ಒಮ್ಮೆ ಪಿಸುಗುಟ್ಟಿದಂತೆ ಬರುತ್ತಿತ್ತು. ನಾನು ಶನಿವಾರ ಇಳಿದು ಹೋಗುತ್ತಿದ್ದೆ. ಬಾಗಿಲು ತಟ್ಟಿದರೆ ತಿಳಿಯದು, ನೆಲಕ್ಕೆ ಕಾಲು ಅಪ್ಪಳಿಸಬೇಕು, ಅದುರು ತಾಗಿ ತಿರುಗುತ್ತಿದ್ದಳು. ಎಷ್ಟೋ ಸಲ ನಾನು ಬಾಯಿ ತೆರೆಯುವ ಮೊದಲೇ ನನ್ನ ತುಟಿಗಾಗಿ ಕಾದಿರುತ್ತಿದ್ದಳು, ಹಸಿದವರು ತಟ್ಟೆ ನೋಡಿದ ಹಾಗೆ. ಹೇಳಲು ನನ್ನ ಹತ್ತಿರ ಇರುತ್ತಿದ್ದುದಾದರೂ ಏನು? ಹವೆ, ಮಂಡಿನೋವು, ಸೌದೆ.

ಹೀಗೆ ಹತ್ತು ಹನ್ನೆರಡು ವರ್ಷ ಕಳೆದವು. ಒಂದು ನವೆಂಬರ್ ಮಧ್ಯಾಹ್ನ ನಾನು ಅವಳ ಅಡುಗೆಮನೆಯಲ್ಲಿದ್ದಾಗ ವರ್ನಾಳ ಮಗಳು ಜೋಲೀನ್ ಬಾಗಿಲಲ್ಲಿ ಬಂದು ನಿಂತಳು. ಲೀಲಂಡ್ ತೀರಿಕೊಂಡು ಆಗಲೇ ಬಹಳ ದಿನವಾಗಿತ್ತು. ಈಗ ವರ್ನಾಳ ಗಂಟಲಿಗೆ ಹುಣ್ಣಾಗಿ, ಪೋರ್ಟ್‌ಲೆಂಡಿನ ಆಸ್ಪತ್ರೆಯಲ್ಲಿ ದನಿಪೆಟ್ಟಿಗೆಯನ್ನೇ ತೆಗೆದಿದ್ದರು.

"ಓಪಲ್ ಆಂಟಿ, ಅವರಿಗೆ ನೀವೇ ಸ್ವಲ್ಪ ಹೇಳಿ," ಎಂದಳು ಹುಡುಗಿ, ನನ್ನ ಕಡೆ ತಿರುಗಿ.

"ಹೇಳೋದು ನೀನೇ ಹೇಳಮ್ಮ. ಮುಖ ಎತ್ತಿ ಹೇಳು, ಅಷ್ಟೇ," ಎಂದೆ ನಾನು.

ಜೋಲೀನ್ ಮುಖ ಎತ್ತಿದಳು. "ಅಮ್ಮ ದಿನವಿಡೀ ಬಾಯಿ ಆಡಿಸ್ತಾಳೆ, ನಮಗೆ ಒಂದಕ್ಷರ ತಿಳಿಯಲ್ಲ. ಬರೀ ಅಂದ್ರೆ ಕೈ ನಡುಗುತ್ತೆ. ಗಂಟಲಿಗೆ ಹಿಡಿದು ಮಾತಾಡೋ ಯಂತ್ರ ಕೊಟ್ಟಿದ್ರು, ಗೋಡೆಗೆ ಎಸೆದ್ಲು. ನಿಮಗೆ ತಿಳಿಯುತ್ತೆ ಅಲ್ವಾ ಆಂಟಿ?"

"ಅವಳು ಕರೆಸಿದ್ಲಾ?" ಎಂದು ಕೇಳಿದಳು ಡೆಲಿಮಾ.

"ಇಲ್ಲ. ನಾನು ಬಂದಿದ್ದು ಅವಳಿಗೆ ಗೊತ್ತಿಲ್ಲ."

ಡೆಲಿಮಾ ಒಲೆಯ ಮೇಲಿನ ಪಾತ್ರೆ ಇಳಿಸಿ, ಗೂಟದಿಂದ ಕೋಟು ತೆಗೆದುಕೊಂಡಳು. ನಾನೂ ಜೊತೆಗೆ ಹೊರಟೆ.

ನಮ್ಮನ್ನು ಕಂಡವಳೇ ವರ್ನಾ ಗೋಡೆ ಕಡೆ ಹೊರಳಿದಳು. ಮುಖ ಕೊಡದಿದ್ದರೆ ಓದುವವಳು ಏನನ್ನು ಓದಬೇಕು? ಜೋಲೀನ್ ಅಳುವಂತಾದಳು. ಡೆಲಿಮಾ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ಕಿಟಕಿಯ ಬೆಳಕು ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ಬಂತು. ನಾನು ಎದ್ದು ಹೋಗೋಣವೆಂದು ಕೈಸನ್ನೆ ಮಾಡಿದೆ. ಅವಳು ನೋಡಲಿಲ್ಲ. ಕೊನೆಗೆ ವರ್ನಾ ತಲೆ ಹೊರಳಿಸಿ, ಮೇಲಿಂದ ಕೆಳಗೆ ಅವಳನ್ನು ನೋಡಿ, ತುಟಿಯಾಡಿಸಿದಳು. ಡೆಲಿಮಾ ಜೋರಾಗಿ ನಕ್ಕುಬಿಟ್ಟಳು. ಅವಳು ಹಾಗೆ ನಕ್ಕದ್ದನ್ನು ನಾನು ಕಂಡು ಎಷ್ಟು ವರ್ಷವಾಗಿತ್ತೋ.

"ಏನಂದ್ಲು ಆಂಟಿ?"

"ಈ ಕೋಟಿನ ಮೇಲೆ ನಾಯಿ ಮಲಗಿತ್ತಾ ಅಂತ ಕೇಳ್ತಿದಾಳೆ."

ಅಲ್ಲಿಂದ ದಿನವೂ ಹೋದಳು. ವರ್ನಾಳಿಗೆ ಇಷ್ಟು ದಿನ ಕಟ್ಟಿಕೊಂಡಿದ್ದ ಮಾತೆಲ್ಲ ಹರಿಯಿತು, ಅದರಲ್ಲಿ ಅರ್ಧ ಬೈಗುಳ. ಜೋಲೀನ್ ಸೂಪು ಕುಡಿಸಿ ತಾಯಿಯ ತುಟಿ ನೋಡಿ, ಆಸೆಯಿಂದ "ಏನಂತೆ?" ಎನ್ನುವಳು. "ಚೆನ್ನಾಗಿದೆಯಂತೆ. ಉಪ್ಪು ಚೂರು ಕಮ್ಮಿ" ಎನ್ನುವಳು ಡೆಲಿಮಾ. ಮನೆಗೆ ಬರುವಾಗ ನನಗೆ ಹೇಳುತ್ತಿದ್ದಳು: "ಪಾತ್ರೆ ತೊಳೆದ ನೀರು ಅಂದ್ಲು. ಪಾಪ, ಆ ಹುಡುಗಿ ಬೆಳಿಗ್ಗೆಯಿಂದ ಮಾಡಿತ್ತು."

ಹಿಮ ಗಟ್ಟಿಯಾಗಿ ಕೂತ ಮೇಲೆ ಒಂದು ದಿನ ನಾನು ಆ ಕೋಣೆಯಲ್ಲಿ ನೂಲು ಸುತ್ತುತ್ತಿದ್ದೆ. ವರ್ನಾ ಬಹಳ ಹೊತ್ತು ಏನೋ ಹೇಳಿದಳು. ನಿಲ್ಲಿಸಿ ನಿಲ್ಲಿಸಿ ಹೇಳಿದಳು. ನನಗೆ ಕೇಳಿಸಿದ್ದು ಡೆಲಿಮಾ ಕೊಟ್ಟ ಉತ್ತರ ಒಂದೇ.

"ಯಾರೂ ಕೇಳ್ಲಿಲ್ಲ ಕಣೇ."

ದಾರಿಯಲ್ಲಿ ನಾನು ಕೇಳಿದೆ. ಅವಳು ಮುಚ್ಚಿಡಲಿಲ್ಲ. "ನೀನು ಹೇಳಿದ್ದು ನನಗೊಬ್ಬಳಿಗೆ, ಊರಿಗೆ ಹೇಳಿದ್ದು ನಾನು, ಇಷ್ಟು ವರ್ಷ ನನ್ನ ಹೆಸರು ಯಾಕೆ ಎತ್ತಲಿಲ್ಲ ಅಂದ್ಲು," ಎಂದಳು. ಸ್ವಲ್ಪ ದೂರ ನಡೆದ ಮೇಲೆ, "ಆ ಊಟದ ದಿನ ಅಂದದ್ದಕ್ಕೂ ಏನಾದ್ರೂ ಹೇಳ್ತಾಳೇನೋ ಅಂತ ಕಾದೆ ಓಪಲ್. ಸುಸ್ತಾಗಿ ಮಲಗಿಬಿಟ್ಲು."

ಅದನ್ನು ವರ್ನಾ ಮತ್ತೆ ಎತ್ತಲಿಲ್ಲ. ಜನವರಿಯಲ್ಲಿ ತೀರಿಕೊಂಡಳು. ನಮ್ಮ ಕಡೆ ಚಳಿಗಾಲದಲ್ಲಿ ನೆಲ ಕಲ್ಲಾಗಿರುತ್ತದೆ, ಗುಂಡಿ ತೋಡಲಾಗುವುದಿಲ್ಲ. ಸತ್ತವರು ಸ್ಮಶಾನದ ಕಲ್ಲುಮನೆಯಲ್ಲಿ ಮೇ ತಿಂಗಳವರೆಗೆ ಕಾಯುತ್ತಾರೆ. ಜನವರಿಯ ಪ್ರಾರ್ಥನೆಗೆ ಊರೆಲ್ಲ ಬಂದಿತ್ತು. ಡೆಲಿಮಾ ಮುಂದಿನ ಬೆಂಚಿನಲ್ಲೇ ಕೂತಿದ್ದಳು, ಆದರೆ ಪಾದ್ರಿ ತಲೆ ತಗ್ಗಿಸಿ ಪುಸ್ತಕ ನೋಡಿಕೊಂಡು ಓದಿದ್ದರಿಂದ ಅವಳಿಗೆ ಒಂದು ಮಾತೂ ಸಿಗಲಿಲ್ಲ. ಮೇನಲ್ಲಿ ಮಣ್ಣು ಮಾಡುವಾಗ ಇದ್ದವರು ಜೋಲೀನ್, ಪಾದ್ರಿ, ಗುಂಡಿ ತೋಡಿದವನು, ನಾವಿಬ್ಬರು. ಮೋಡ ಮುಸುಕಿತ್ತು, ಸೊಳ್ಳೆ ವಿಪರೀತ. ಪಾದ್ರಿ ಬೇಗ ಮುಗಿಸಿದರು. ಜೋಲೀನ್ ಡೆಲಿಮಾಳನ್ನು ತಬ್ಬಿಕೊಂಡು, ಕಿವಿಯ ಪಕ್ಕ ಏನೋ ಹೇಳಿದಳು. ಕಿವಿಯ ಪಕ್ಕ ಹೇಳಿದ್ದು ಅವಳಿಗೆ ತಿಳಿಯದು. ಡೆಲಿಮಾ ಸುಮ್ಮನೆ ತಲೆಯಾಡಿಸಿದಳು.

ಜೋಲೀನ್ ಮನೆ ಮಾರಿ ವೂಸ್ಟರ್‌ಗೆ ಹೋದಳು. ಊರಿನ ಕೈಗಳು ಪೂರ್ತಿ ಇಳಿಯಲಿಲ್ಲ. ಮುದುಕರದು ಅಭ್ಯಾಸ, ಕಿರಿಯರಿಗೆ ಅವಳು ಯಾರೆಂದೇ ತಿಳಿಯದು. ಮಿಲ್ಲಿನ ಇಟ್ಟಿಗೆಗಳನ್ನು ಲಾರಿಗಳಲ್ಲಿ ಯಾರೋ ಸಾಗಿಸಿದರು.

ಮಂಡಿ ಕೆಟ್ಟ ಮೇಲೆ ನಾನೂ ಮೆಟ್ಟಿಲಿಳಿಯುವುದು ಕಡಿಮೆಯಾಯಿತು. ಇಳಿದ ದಿನ ಅವಳು ಟೀವಿಯ ಮುಂದೆ ಕೂತಿರುತ್ತಿದ್ದಳು. ದನಿಯ ಗುಂಡಿಯನ್ನು ಅವಳು ಮುಟ್ಟಿದವಳೇ ಅಲ್ಲ. ಪಕ್ಕದ ಕುರ್ಚಿ ತಟ್ಟಿ ಕೂರಿಸಿಕೊಳ್ಳುವಳು. ದೊಡ್ಡ ಮನುಷ್ಯನೊಬ್ಬ ಭಾಷಣ ಮಾಡುತ್ತಿದ್ದರೆ ಅವನನ್ನು ಬಿಟ್ಟು ಹಿಂದೆ ನಿಂತವರನ್ನು ನೋಡುವಳು.

"ಆ ಬಕ್ಕ ತಲೆಯವನಿದಾನಲ್ಲ, ಹೊಸ ಬೂಟು ಕಚ್ತಾ ಇದೆಯಂತೆ," ಎಂದಳು ಒಂದು ಸಂಜೆ. "ಪಕ್ಕದವನು ಹೇಳ್ತಿದಾನೆ, ಮನೇಲಿ ಇವತ್ತು ಮೀನಿನ ಸೂಪಂತೆ."