ಹನ್ನೆರಡು ನೀರು ಕಂಡ ಸೀಸೆ

ಕುಮಾಸಿ ನಗರದಲ್ಲಿ ಕೋಳಿ ಕೂಗುವ ಹೊತ್ತು. ಔಷಧ ಸಸ್ಯಗಳ ಪ್ರಯೋಗಾಲಯದ ಹಿಂಬದಿಯಲ್ಲಿ, ನಲ್ಲಿಯೆದುರು ಅಫುವಾ ಬಿರಾಗೊ ನಿಂತಿದ್ದಾರೆ. ಒಂದು ಸೀಸೆಯನ್ನು ಸೋಪು ಹಾಕಿ ಉಜ್ಜುತ್ತಾರೆ, ನಲ್ಲಿ ನೀರಲ್ಲಿ ಎಂಟು ಸಲ, ಬಟ್ಟಿ ಇಳಿಸಿದ ನೀರಲ್ಲಿ ನಾಲ್ಕು ಸಲ ಜಾಲಿಸುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ. ನಡುವೆ ಮಾತಾಡಿಸಿದರೆ ಎಣಿಕೆ ತಪ್ಪುತ್ತದೆ, ಮತ್ತೆ ಒಂದರಿಂದ. ಅವರ ಬಗ್ಗೆ ಬರೆಯಲು ಬಂದ ನಾನು ಎರಡು ಸಲ ಮಾತಾಡಿಸಿ ಬೈಸಿಕೊಂಡಿದ್ದೇನೆ.

"ಬಾಯ್ ಮುಚ್ಕೊಂಡು ಕೂತ್ಕೋ ತಮ್ಮಾ. ಅಲ್ಲಿ ಜೋಳದ ಗಂಜಿ ಇದೆ, ಕುಡಿ."

ಒಳಗೆ ಕಾಡಿನ ಬೇರು, ತೊಗಟೆಗಳ ಸಾರವನ್ನು ಗಾಜಿನಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ, ಅವು ಸಾಯುತ್ತವೆಯೇ ಎಂದು ನೋಡುತ್ತಾರೆ. ಸೀಸೆಯಲ್ಲಿ ಸೋಪಿನ ಜಿಡ್ಡು ಉಳಿದರೂ ಕೋಶ ಸಾಯುತ್ತದೆ, ಹೆಸರು ಮಾತ್ರ ಬೇರಿಗೆ ಬರುತ್ತದೆ. ಆರನೇ ತರಗತಿ ಓದಿ ನೆಲ ಒರೆಸಲು ಸೇರಿದ ಅಫುವಾ, ಇಪ್ಪತ್ತಾರು ವರ್ಷಗಳಿಂದ ದಿನಕ್ಕೆ ಇನ್ನೂರು ಸೀಸೆ ತೊಳೆಯುತ್ತಿದ್ದಾರೆ.

ಒಂಬತ್ತು ವರ್ಷದ ಹಿಂದೆ ಒಂದು ಬಳ್ಳಿಯ ಬೇರಿನ ಸಾರ ಕೋಶಗಳನ್ನೆಲ್ಲ ಕೊಂದುಹಾಕಿತು. ಪ್ರಯೋಗಾಲಯದಲ್ಲಿ ಕುಣಿದಾಟ. ಆಗ ಅಫುವಾ ಅವರ ತಂಗಿ ಪೊಕುವಾಗೆ ಸ್ತನ ಕ್ಯಾನ್ಸರ್. "ಅಕ್ಕಾ, ನಂಗೊಂದು ಸೀಸೆ ಕದ್ದು ತಾರೇ" ಎಂದು ನಕ್ಕಿದ್ದರಂತೆ ಪೊಕುವಾ.

ಮರುದಿನ ಅಫುವಾ, ಸಾರ ತುಂಬಿದ್ದ ಸೀಸೆಗಳ ಜೊತೆಗೇ ತೊಳೆದಿಟ್ಟಿದ್ದ ಖಾಲಿ ಸೀಸೆಗಳನ್ನು ಬೆಳಕಿಗೆ ಹಿಡಿದರು. ಅಂಚಿನಲ್ಲಿ ತೆಳು ಪೊರೆ. ಅವರು ಸೂತಕದ ಕೆಂಪು-ಕಪ್ಪು ಬಟ್ಟೆಯುಟ್ಟು ಚಿಕ್ಕಪ್ಪನ ಸಾವಿನ ಕಾರ್ಯಕ್ಕೆ ಹೋಗಿದ್ದ ಶನಿವಾರ ಬೇರೆ ಯಾರೋ ತೊಳೆದ ಸೀಸೆಗಳವು.

"ನಾನು ಸುಮ್ನಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ತಂಗಿ ಎಷ್ಟೋ ದಿನದ ಮೇಲೆ ನಕ್ಕಿದ್ಲು. ಸೀಸೆ ಮಡಿಲಲ್ಲಿಟ್ಕೊಂಡು ಒಂದು ಗಂಟೆ ಕೂತಿದ್ದೆ."

ಆಮೇಲೆ ಪ್ರೊಫೆಸರ್ ಅದೊಮಾಕೊ ಅವರ ಬಾಗಿಲು ತಟ್ಟಿದರು. "ಪ್ರೊಫೆಸರ್, ಕೊಂದಿದ್ದು ಬೇರಲ್ಲ, ಸೋಪು." ಅಫುವಾ ತೊಳೆದ ಸೀಸೆಯಲ್ಲಿ ಮತ್ತೆ ಪರೀಕ್ಷಿಸಿದಾಗ ಕೋಶಗಳು ಹಾಯಾಗಿ ಬೆಳೆದವು.

"ತಂಗಿಗೂ ನಾನೇ ಹೇಳ್ದೆ. 'ಹೋಗೇ, ನಿನ್ನ ಕೈ ಇಷ್ಟೊಂದು ಚೊಕ್ಕ ಇರ್ಬೇಕಿತ್ತಾ' ಅಂತ ಬೈದ್ಲು. ಆಮೇಲೆ ಅದೇ ಕೈ ಹಿಡ್ಕೊಂಡು ನಿದ್ದೆ ಹೋದ್ಲು."

ಪೊಕುವಾ ಆ ವರ್ಷವೇ ತೀರಿಕೊಂಡರು. ಅಫುವಾ ಜಾಗದಲ್ಲಿ ನಾನಿದ್ದರೆ ಬಾಯಿ ಬಿಡುತ್ತಿರಲಿಲ್ಲ. ಈ ಹೆಂಗಸಿನ ಎದುರು ಸ್ಟೂಲಿನ ಮೇಲೆ ಕೂತಿರಲೂ ನನಗೆ ಸಂಕೋಚವಾಗುತ್ತದೆ.

ಈಗೊಂದು ತೊಗಟೆಯ ಸಾರ ಮೂರು ಪರೀಕ್ಷೆಗಳಲ್ಲಿ ಗೆದ್ದಿದೆ. ಗಾಜಿನಿಂದ ರೋಗಿಯವರೆಗಿನ ದಾರಿ ಬಲು ದೂರ ಎಂದು ಯಾರೂ ಕುಣಿದಿಲ್ಲ. ಇವತ್ತು ನಾಲ್ಕನೆಯದರ ಫಲಿತಾಂಶ. ಹೊತ್ತು ಏರುವಾಗ ಪ್ರೊಫೆಸರ್ ಚಪ್ಪಲಿಯೂ ಇಲ್ಲದೆ ಹಿತ್ತಲಿಗೆ ಓಡಿಬರುತ್ತಾರೆ.

"ಅಫುವಾ ಅಕ್ಕಾ, ಕೋಶಗಳು ಈ ಸಲವೂ ಸತ್ತಿವೆ. ಸೀಸೆ ತೊಳೆದಿದ್ದು ಯಾರು?"

"ನಾನೇ. ಎಲ್ಲಾನೂ."

ಪ್ರೊಫೆಸರ್ ಕಟ್ಟೆಯ ಮೇಲೆ ಕುಸಿದು ಕೂತು ಕಣ್ಣೊರೆಸಿಕೊಳ್ಳುತ್ತಾರೆ. ಅಫುವಾ ಕೈಯಲ್ಲಿನ ಸೀಸೆಯನ್ನು ಬೆಳಕಿಗೆ ಹಿಡಿಯುತ್ತಾರೆ.

"ನೋಡಿ, ಎಣಿಕೆ ತಪ್ಪಿಸಿಬಿಟ್ರಿ," ಎಂದು ಗದರಿ, ನಲ್ಲಿ ತಿರುಗಿಸುತ್ತಾರೆ. "ಒಂದು."