ಬೆಚ್ಚಗಿನ ಗೋಡೆ

ಅಪ್ಪ ತೀರಿಕೊಂಡು ತಿಂಗಳಾಗಿತ್ತೋ ಇಲ್ಲವೋ, ಹಿನಕಲ್‌ನ ನಮ್ಮ ಮನೆಯ ನಡುಮನೆ ಗೋಡೆ ಬಿಸಿಯಾಗೋಕೆ ಶುರುವಾಯಿತು. ಮೊದಲು ಗಮನಿಸಿದವಳು ಅಮ್ಮ. ಬೆಳಗ್ಗೆ ಬಚ್ಚಲೊಲೆಗೆ ಉರಿ ಹಾಕಿ ಬಂದು ಅಪ್ಪ ಆ ಗೋಡೆಗೆ ಒರಗಿ ಕಾಫಿ ಕುಡಿಯೋರು. ಈಗ ಅದೇ ಹೊತ್ತಿಗೆ, ಅದೇ ಜಾಗ, ಬೆನ್ನಿನ ಎತ್ತರಕ್ಕೆ ಬೆಚ್ಚಗಾಗುತ್ತಿತ್ತು.

"ನಿಮ್ಮಪ್ಪ ಬಂದವ್ರೆ, ಮುಟ್ಟಿ ನೋಡು," ಅಂದಳು.

ನನಗೆ ಇಂಥದ್ದೆಲ್ಲ ಆಗಿಬರಲ್ಲ. ದೆವ್ವ ಗಿವ್ವ ಅಂದರೆ ಸಿಟ್ಟು ನೆತ್ತಿಗೇರುತ್ತೆ. "ಸುಮ್ನಿರಮ್ಮ, ಬೇರೆ ಕೆಲ್ಸ ಇಲ್ವಾ" ಅಂತ ರೇಗಿ, ಅವಳ ಬಾಯಿ ಮುಚ್ಚಿಸೋಕೆ ಅಂತಲೇ ಅಂಗೈ ಇಟ್ಟೆ. ಬಿಸಿಲಿನ ಬಿಸಿಯಲ್ಲ ಅದು. ಯಾರೋ ಈಗಷ್ಟೇ ಒರಗಿದ್ದು ಎದ್ದುಹೋದ ಹಾಗಿತ್ತು. ಆವತ್ತು ಶಿಫ್ಟಿನ ಬಸ್ಸಲ್ಲಿ ಹೆಬ್ಬಾಳದ ಫ್ಯಾಕ್ಟರಿವರೆಗೂ ಆ ಕೈಯನ್ನ ಸೆರಗಲ್ಲಿ ಮುಚ್ಚಿಟ್ಟುಕೊಂಡು ಕೂತಿದ್ದೆ.

ಅಮ್ಮ ಗೋಡೆ ಪಕ್ಕಕ್ಕೇ ಚಾಪೆ ಎಳೆದುಕೊಂಡಳು. ಮನೆ ವಿಚಾರ, ನೆಂಟರ ಮೇಲಿನ ದೂರು, ಎಲ್ಲ ಗೋಡೆ ಜೊತೆಗೇ. ಭಾನುವಾರ ನಾನು ತಡವಾಗಿ ಸ್ನಾನ ಮಾಡಿದರೆ, "ಇವತ್ತು ಲೇಟಾಗಿ ಬಂದ್ರು" ಅನ್ನೋಳು. ಆಗಲೂ ನನ್ನ ಮಂಡೆಗೆ ಹೊಳೀಲಿಲ್ಲ. ನಿಜ ಹೇಳಬೇಕು ಅಂದರೆ, ಅವಳು ಅಡುಗೆಮನೆಗೆ ಹೋದದ್ದು ನೋಡಿಕೊಂಡು ನಾನೂ ಗೋಡೆ ಮುಟ್ಟುತ್ತಿದ್ದೆ. ಹೆದರಿಕೆ ಆಗುತ್ತಿತ್ತು, ಬಿಡೋಕೂ ಆಗುತ್ತಿರಲಿಲ್ಲ.

ಒಂದು ದಿನ ಹಾಗೆ ಮುಟ್ಟುವಾಗ ಮೂಗಿಗೆ ಪ್ಲಾಸ್ಟಿಕ್ ಕಾದ ವಾಸನೆ ಬಡಿಯಿತು. ಫ್ಯಾಕ್ಟರೀಲಿ ದಿನವಿಡೀ ವೈರು ಕತ್ತರಿಸಿ ಜೋಡಿಸೋಳಿಗೆ ಅದನ್ನ ಯಾರೂ ಹೇಳಿಕೊಡಬೇಕಿಲ್ಲ. ಸಣ್ಣ ವೈರಲ್ಲಿ ಜಾಸ್ತಿ ಕರೆಂಟು ಹರಿದರೆ ವೈರು ಕಾಯುತ್ತೆ. ಅಪ್ಪ ವೈರಿಂಗ್ ಕೆಲಸದವರು, ಈ ಮನೆಗೂ ಅವರೇ ಎಳೆದದ್ದು. ಆಗ ಬಚ್ಚಲಿಗೆ ಬೇಕಿದ್ದದ್ದು ಒಂದೇ ಬಲ್ಬು, ಅದಕ್ಕೆ ತಕ್ಕ ಸಣ್ಣ ವೈರನ್ನ ಈ ಗೋಡೆಯೊಳಗಿಂದಲೇ ಹಾಯಿಸಿದ್ದರು. ಅವರು ಹೋದ ಮೇಲೆ ಒಲೆ ಊದೋರು ಯಾರು ಅಂತ ನಾನು ಗೀಜರ್ ತಂದೆ. ಹಾಕೋಕೆ ಬಂದ ಪುಣ್ಯಾತ್ಮ ಆ ಬಲ್ಬಿನ ಲೈನಿಗೇ ಕೊಟ್ಟು ಹೋಗಿದ್ದ. ನಾನು ಗೀಜರ್ ಹಾಕಿದಾಗೆಲ್ಲ ಅಪ್ಪ ಬರುತ್ತಿದ್ದರು.

ಸಂಜೆ ಅಮ್ಮನನ್ನ ಕೂರಿಸಿಕೊಂಡು ಹೇಳಿದೆ. "ಅದು ಅಪ್ಪ ಅಲ್ಲ ಕಣಮ್ಮ, ವೈರು. ಹಿಂಗೇ ಬಿಟ್ರೆ ಒಂದಿನ ಮನೆ ಹತ್ಕೊಂಡು ಉರಿಯುತ್ತೆ."

"ವೈರು ಎಳೆದೋರು ಯಾರು?"

"ಅಪ್ಪ."

"ಮತ್ತೆ?" ಅಂದಳು.

ನಾನು ಮತ್ತೆ ಬೆಂಕಿಯ ಮಾತೇ ಎತ್ತಿದೆ. "ಉರಿದ್ರೆ ಉರೀಲಿ ಬುಡು, ಅವರ ಜೊತೇಲೇ ಹೋಗ್ತೀನಿ," ಅಂತ ಮುಖ ತಿರುಗಿಸಿದಳು.

"ನಾನೂ ಇದೇ ಮನೇಲಿ ಮಲಗೋದು. ನಾನೂ ಬರ್ಲಾ ಜೊತೇಲಿ?" ಅಂದುಬಿಟ್ಟೆ. ಅಷ್ಟು ಒರಟಾಗಿ ಅನ್ನಬಾರದಿತ್ತೇನೋ. ಬೆಳಗ್ಗೆ ಎದ್ದು ನೋಡಿದರೆ ಅಮ್ಮನೇ ಚಾಪೆ ಸುತ್ತಿ ಪಕ್ಕಕ್ಕಿಟ್ಟಿದ್ದಳು.

ಎಲೆಕ್ಟ್ರಿಷಿಯನ್ ಬಂದು, ಹಳೇ ವೈರಿನ ತುದಿಗೆ ಹೊಸ ದಪ್ಪ ವೈರು ಕಟ್ಟಿ, ಆಚೆ ಕಡೆಯಿಂದ ಎಳೆದ. ಹಳೇದು ಆಚೆ ಬಂದಂತೆಲ್ಲ ಹೊಸದು ಗೋಡೆಯೊಳಗಿನ ಪೈಪಿಗೆ ಹೋಗುತ್ತಿತ್ತು. ಅಪ್ಪನ ವೈರಿನ ಸಿಪ್ಪೆ ಕಂದಿಹೋಗಿ, ಬೆರಳಿಟ್ಟರೆ ಉದುರುತ್ತಿತ್ತು. ಅಮ್ಮ ಬಾಗಿಲಲ್ಲಿ ನಿಂತು ಕೊನೇವರೆಗೂ ನೋಡಿದಳು.

ಮಾರನೇ ದಿನ ಸ್ನಾನ ಮುಗಿಸಿ ಬಂದಾಗ ಅವಳು ಎರಡೂ ಅಂಗೈಯನ್ನ ಗೋಡೆಗೆ ಒತ್ತಿ ಕೂತಿದ್ದಳು.

"ಗೀಜರ್ ಹಾಕಿದ್ಯಾ?"

"ಹಾಕಿದ್ದೆ. ಸ್ನಾನಾನೂ ಆಯ್ತು."

ಕೈ ತೆಗೀಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮಪ್ಪ ಹೋಗ್ಬುಟ್ರು ಕಣಮ್ಮ," ಅಂದಳು, ನನಗೆ ಆ ಸುದ್ದಿಯೇ ಗೊತ್ತಿಲ್ಲ ಅನ್ನೋ ಹಾಗೆ. ಹೆಣದ ಮುಂದೆ ಒಂದು ಹನಿ ಕಣ್ಣೀರೂ ಹಾಕದವಳು ಆವತ್ತು ಅತ್ತಳು.