ಪಡಸಾಲೆಯಲ್ಲಿ ಹರವಿದ ಅತ್ತಿಯ ಊರು

ಕಳೆದ ತಿಂಗಳು ರಬಕವಿಯ ಹಳೆಯ ಮನೆಯ ಅಟ್ಟ ತೆರವು ಮಾಡುವಾಗ ಒಂದು ತಗಡಿನ ಡಬ್ಬಿ ಸಿಕ್ಕಿತು. ತೆಗೆದರೆ ಒಳಗೆ ಕಂಡಿಕೆಗಳು, ಮಗ್ಗದ ಲಾಳಿಯಲ್ಲಿ ಕೂರಿಸುವ ನೂಲು ಸುತ್ತಿದ ಸಣ್ಣ ಕೊಳವೆಗಳು. ಗಂಜಿಯ ಹುಳಿ ವಾಸನೆ ಇನ್ನೂ ಹೋಗಿರಲಿಲ್ಲ. ನೀಲಿ ನೂಲಿನದೊಂದನ್ನು ಹಿಡಿದು ಸುಮ್ಮನೆ ನೆಲದ ಮೇಲೆ ಎಳೆ ಬಿಡುತ್ತ ಹೋದೆ. ಕೈ ಮೇಲಿನಿಂದ ಕೆಳಗೆ ಬಂದು, ಮೊಣಕೈ ಮಡಚಿದ ಹಾಗೆ ಎಡಕ್ಕೆ ತಿರುಗಿ, ಮತ್ತೆ ನೆಟ್ಟಗಾಯಿತು. ಅದು ಜರ್ಮನಿಯ ಒಂದು ಸಣ್ಣ ಊರಿನ ಹಳ್ಳ. ನಾನು ಆ ಊರನ್ನು ಕಣ್ಣಾರೆ ಕಂಡವಳಲ್ಲ. ಆದರೂ ಆ ಹಳ್ಳ ತಿರುಗುವುದು ಎಡಕ್ಕೇ. ಬಲಕ್ಕೆ ಎಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೆ ನಿಲ್ಲುವವಳು.

ಆ ಊರನ್ನು ನನಗೆ ಕಲಿಸಿದವಳು ಅತ್ತಿ.

ಅತ್ತಿ ಎಂದರೆ ರಕ್ತಸಂಬಂಧದ ಸೋದರತ್ತೆಯಲ್ಲ, ಅಪ್ಪನಿಗೆ ಅಕ್ಕತಂಗಿಯರೇ ಇರಲಿಲ್ಲ. ಅಪ್ಪನ ಸಾಲಿ ಗೆಳೆಯರೊಬ್ಬರು ಬನಹಟ್ಟಿಯ ನೇಕಾರರ ಮನೆಯವರು. ಮಗ್ಗದ ಯಂತ್ರಗಳ ಕೆಲಸ ಕಲಿಯಲು ಜರ್ಮನಿಗೆ ಹೋಗಿದ್ದರು. ದೊಡ್ಡ ಶಹರದಲ್ಲಿ ಬಾಡಿಗೆ ದುಬಾರಿ ಎಂದು ಅದರ ಮಗ್ಗುಲಲ್ಲೇ ಇದ್ದ ಸಣ್ಣ ಊರಿನಲ್ಲಿ ಕೋಣೆ ಹಿಡಿದರು. ತಿರುಗಿ ಬರುವಾಗ ಆ ಮನೆಯ ಮಗಳನ್ನೇ ಮದುವೆಯಾಗಿ ಕರೆದುಕೊಂಡು ಬಂದರು. ನಾನಾಗ ಸಾಲಿಯಲ್ಲಿ ಎರಡನೇ ಇಯತ್ತೆ. ಜನ ಏನೇನೋ ನೆವ ಹೂಡಿ ಆ ಮನೆಗೆ ಹೋಗಿ ಅವಳನ್ನು ನೋಡಿ ಬಂದರು. ಒಂದು ಗಂಟು ನೂಲು ಕೊಳ್ಳುವವರು ಕೂಡ ಅರ್ಧ ದಿನ ಕುಳಿತು ವ್ಯಾಪಾರ ಮಾಡಿದರಂತೆ.

ನಮ್ಮ ಕಡೆ ನಾಗರ ಪಂಚಮಿ ಹೆಣ್ಣುಮಕ್ಕಳ ಹಬ್ಬ. ತವರಿನವರು ಬಂದು ಕರೆಯದೆ ಮಗಳು ಹೋಗುವಂತಿಲ್ಲ. ಬಂದು ಕರೆದರೆ ಅತ್ತೆಮನೆಯವರು ಕಳಿಸದೆ ಇರುವಂತಿಲ್ಲ. ಅವಳು ಬಂದ ಮೊದಲ ವರ್ಷ ಬನಹಟ್ಟಿಯ ಆ ಓಣಿಯ ಸೊಸೆಯರೆಲ್ಲ ಗಂಟು ಕಟ್ಟಿಕೊಂಡು ತವರಿಗೆ ಹೊರಟುಹೋದರು. ಇವಳೊಬ್ಬಳು ಅಟ್ಟದ ಕಿಟಕಿಯಲ್ಲಿ ಕುಳಿತು ಹೋಗುವವರನ್ನು ನೋಡುತ್ತಿದ್ದಳಂತೆ. ಅಪ್ಪನ ಆ ಗೆಳೆಯರು ನಮ್ಮ ಮನೆಗೆ ಬಂದಾಗ ಈ ಮಾತನ್ನು ಬೇರೇನೋ ಹೇಳುತ್ತ ನಡುವೆ ಹೇಳಿದರು. ಮರುದಿನ ಮುಂಜಾನೆ ಅಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು, ಟೊಪ್ಪಿಗೆ ಇಟ್ಟು, ಟಾಂಗಾ ತರಿಸಿದರು. ನಾನೂ ಹತ್ತಿ ಕುಳಿತೆ.

ಬನಹಟ್ಟಿಯ ಆ ಮನೆಯ ಹೊಸ್ತಿಲಲ್ಲಿ ಅತ್ತಿಯ ಅತ್ತೆ ನಿಂತಿದ್ದರು. ಗಟ್ಟಿ ಹೆಂಗಸು, ಅವರ ಮುಂದೆ ಗಂಡಸರು ದನಿ ಇಳಿಸಿ ಮಾತಾಡುತ್ತಿದ್ದರು.

"ಏನಪಾ, ಇಷ್ಟ ಲಗೂನ?"

"ನಮ್ಮ ತಂಗೀನ ಕರಿಯಾಕ ಬಂದೀನ್ರಿ ಅವ್ವಾರ. ಪಂಚಮಿ ಐತಲ್ಲ, ಕಳಸ್ರಿ."

ಆ ಹಿರಿಯಾಕೆ ಅಪ್ಪನ ಮುಖ ನೋಡಿದರು. ಯಾವ ತಂಗಿ, ಎಲ್ಲಿಯ ತಂಗಿ ಎಂದು ಕೇಳಬಹುದಿತ್ತು, ಕೇಳಲಿಲ್ಲ. ಒಳಗೆ ತಿರುಗಿ, "ಏ ಸೊಸಿ, ನಿಮ್ಮಣ್ಣ ಬಂದಾನ ನೋಡು, ತಯಾರಾಗು" ಎಂದರು. ಮೊದಲಿಗೆ ಅವಳಿಗೆ ತಿಳಿಯಲಿಲ್ಲ ಎಂದು ಕಾಣುತ್ತದೆ. ಗಂಡ ಬಿಡಿಸಿ ಹೇಳಿದ ಮೇಲೆ ಮೆಟ್ಟಿಲು ಇಳಿದು ಬಂದವಳು ಟಾಂಗಾದಲ್ಲಿ ನನ್ನ ಪಕ್ಕ ಕುಳಿತು ರಬಕವಿ ಬರುವವರೆಗೆ ನನ್ನ ಕೈ ಬಿಡಲಿಲ್ಲ. ಅವತ್ತಿನಿಂದ ಅವಳು ಅತ್ತಿ.

ಬನಹಟ್ಟಿಯಿಂದ ರಬಕವಿ ಎಷ್ಟು ದೂರ? ನಡೆದರೆ ಒಂದು ಎಲೆ ಅಡಿಕೆ ಮುಗಿಯುವುದರೊಳಗೆ ಬಂದುಬಿಡುತ್ತದೆ. ಎರಡೂ ಊರಿಗೆ ಸೇರಿ ಒಂದೇ ಪುರಸಭೆ. ಆದರೆ ರಬಕವಿಯವನನ್ನು ಬನಹಟ್ಟಿಯವನೇನು ಎಂದು ಕೇಳಿ ನೋಡಿ, ಆಮೇಲೆ ಚಹಾ ಸಿಗುವುದಿಲ್ಲ. ಅತ್ತಿಗೆ ಇದು ಬಂದ ಕೂಡಲೇ ಅರ್ಥವಾಗಿತ್ತು. ಅವಳ ಊರಿನದೂ ಅದೇ ಕತೆ.

ಪಂಚಮಿಯ ಮಧ್ಯಾಹ್ನ ಉಂಡಿ ತಿಂದು, ಜೋಕಾಲಿ ಆಡಿ ಸುಸ್ತಾದ ಹೆಂಗಸರು ನಮ್ಮ ಪಡಸಾಲೆಯಲ್ಲಿ ಕೂಡುತ್ತಿದ್ದರು. ಅಪ್ಪನ ಅವ್ವ, ನಾವು ಆಯಿ ಎನ್ನುತ್ತಿದ್ದೆವು, ಮೊದಲ ದಿನವೇ ಕೇಳಿದಳು: "ನಿಮ್ಮೂರು ಹೆಂಗೈತವಾ, ಹೇಳ ನೋಡೂನು." ಅತ್ತಿಗೆ ಆಗ ಕನ್ನಡ ಅಷ್ಟಕ್ಕಷ್ಟೆ. ಅತ್ತಿತ್ತ ನೋಡಿ, ಕಂಡಿಕೆಯ ಬುಟ್ಟಿ ಎಳೆದುಕೊಂಡು, ನೆಲದ ಮೇಲೆ ಊರು ಕಟ್ಟತೊಡಗಿದಳು. ಮಗುಚಿ ಹಾಕಿದ ತಂಬಿಗೆ ಗುಡ್ಡ. ಗುಡ್ಡದಿಂದ ಇಳಿಯುವ ನೀಲಿ ನೂಲು ಹಳ್ಳ. ಹಳ್ಳ ತಿರುಗುವ ಕಡೆ ಒಂದು ಕೆಂಪು ಕಂಡಿಕೆ ನೆಟ್ಟಗೆ ನಿಲ್ಲಿಸಿದರೆ ದಪ್ಪ ಗೋಪುರದ ಚರ್ಚು. ಅದರ ಹಿಂದೆ ಸಾಲಾಗಿ ಬಿಳಿ ಕಂಡಿಕೆಗಳು, ಅವು ಹಳೆಯ ಓಣಿಯ ಮನೆಗಳು. ಕರಿ ನೂಲು ರೈಲು ಹಳಿ. ಆಚೆ, ಎಲ್ಲಕ್ಕಿಂತ ದೊಡ್ಡದಾಗಿ, ರೊಟ್ಟಿ ಹಿಟ್ಟು ನಾದುವ ಪರಾತ. ಅದು ದೊಡ್ಡ ಶಹರ.

ಆಯಿ ಎಲ್ಲ ನೋಡಿ, "ಹಣಮಪ್ಪ ಎಲ್ಲಿ?" ಎಂದಳು.

ಹನುಮಂತನ ಗುಡಿಯೇ ಇಲ್ಲ ಎಂದು ಅತ್ತಿ ತಲೆಯಾಡಿಸಿದಳು. ಆಯಿ ಒಪ್ಪಲಿಲ್ಲ. ಹಣಮಪ್ಪ ಇಲ್ಲದ ಊರು ಎಲ್ಲಿಯಾದರೂ ಇರುತ್ತದೆಯೇ, ಈ ಹುಡುಗಿ ಸರಿಯಾಗಿ ನೋಡಿಲ್ಲ, ಊರ ಹೊರಗೆ ಹಳ್ಳದ ದಂಡೆಗೆ ಇದ್ದೇ ಇರುತ್ತಾನೆ ಎಂದು ತಾನೇ ಒಂದು ಕಂಡಿಕೆ ಎತ್ತಿ ಅಲ್ಲಿಟ್ಟಳು. ಅತ್ತಿ ಅದನ್ನೊಮ್ಮೆ ನೋಡಿದಳು, ಆಯಿಯನ್ನೊಮ್ಮೆ ನೋಡಿದಳು, ಕಂಡಿಕೆಯನ್ನು ತುಸು ಸರಿಸಿ ಗಟ್ಟಿಯಾಗಿ ನಿಲ್ಲಿಸಿದಳು. ಮುಂದೆ ಪ್ರತಿ ವರ್ಷ ಆ ಊರಿನಲ್ಲಿ ಹಣಮಪ್ಪನೂ ಇದ್ದ.

ವರ್ಷ ವರ್ಷವೂ ಅವಳ ಕನ್ನಡ ಬೆಳೆಯಿತು, ಊರಿನ ಕತೆಯೂ ಬೆಳೆಯಿತು. ಹಳ್ಳ ದಾಟಲು ಸುಲಭವಿದ್ದ ಜಾಗದಲ್ಲಿ ಮೊದಲು ಒಂದು ಹಿಟ್ಟಿನ ಗಿರಣಿ, ಗಿರಣಿಯ ಸುತ್ತ ಊರು. ಆಮೇಲೆ ಮೂವತ್ತು ವರ್ಷ ನಡೆದ ಒಂದು ಯುದ್ಧ. ಅದರಲ್ಲಿ ಬಿಳಿ ಕಂಡಿಕೆಗಳನ್ನು ಒಂದೊಂದಾಗಿ ಮಲಗಿಸುತ್ತ ಹೋಗಿ ಕೊನೆಗೆ ಎರಡು ಮೂರು ಬಿಡುತ್ತಿದ್ದಳು. ಹೆಂಗಸರು ಬಾಯಿಗೆ ಸೆರಗು ಹಚ್ಚಿ ಕೂಡುತ್ತಿದ್ದರು. ಮತ್ತೆ ಜನ ಬಂದು ನೆಲೆಸಿದರು, ನಾರಿನ ಬಟ್ಟೆ ನೇಯ್ದರು. ಆ ನೂಲಿಗೆ ತಂಪು ಬೇಕೆಂದು ಮಗ್ಗವನ್ನು ನೆಲದಡಿಯ ಕೋಣೆಯಲ್ಲಿ ಹೂಡುತ್ತಿದ್ದರಂತೆ, ಅವಳ ಮುತ್ತಜ್ಜನೂ ಹಾಗೇ ನೇಯ್ದವನು. ಇದನ್ನು ಕೇಳಿ ಕುಣಿ ಮಗ್ಗದಲ್ಲಿ ಕಾಲಿಳಿಬಿಟ್ಟು ನೇಯ್ದು ಮುದುಕಿಯಾದ ಆಯಿ, "ಹಂಗಾರ ಅವ್ರು ನಮ್ಮ ಮಂದಿನ ಬಿಡು" ಎಂದು ತೀರ್ಪು ಕೊಟ್ಟಳು. ರೈಲು ಬಂತು, ಶಹರದಲ್ಲಿ ಕಾರ್ಖಾನೆಗಳು ಎದ್ದವು, ಮಗ್ಗಗಳು ನಿಂತವು. ಊರವರು ಮುಂಜಾನೆ ಶಹರಕ್ಕೆ ಹೋಗಿ ಸಂಜೆಗೆ ಮರಳುವವರಾದರು. ಮುಂದೆ ಮಹಾಯುದ್ಧ ಬಂತು, ಶಹರದ ಮೇಲೆ ಹಾಕಬೇಕೆಂದ ಬಾಂಬು ಈ ಊರಿನ ಮೇಲೂ ಬಿತ್ತು. ಯುದ್ಧ ಮುಗಿದ ಮೇಲೆ ಮೂಡಲಿಂದ ಮನೆ ಮಾರು ಕಳೆದುಕೊಂಡ ಜನ ಬಂದರು. ಅವರಿಗೆ ಗುಡ್ಡದ ಕೆಳಗಿನ ಹಣ್ಣಿನ ತೋಟ ಕಡಿದು ಮನೆ ಕಟ್ಟಿಕೊಟ್ಟರು. ಹಳೆಯ ಓಣಿಯವರು ಅವರ ಮನೆಯ ನೀರು ಕೂಡ ಕುಡಿಯುತ್ತಿರಲಿಲ್ಲ ಎಂದು ಅತ್ತಿ ನಾಚಿಕೆಯಿಂದ ಹೇಳಿದಳು. ನಮ್ಮ ಹೆಂಗಸರಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಅವರು ಬಿಜಾಪುರವನ್ನು ಸರಿಯಾಗಿ ನೋಡಿರಲಿಲ್ಲ, ಆದರೆ ಅತ್ತಿಯ ಊರಿನ ಯಾವ ಓಣಿಯವರು ಯಾವ ಓಣಿಗೆ ಹೆಣ್ಣು ಕೊಡುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಇನ್ನೊಂದು ರೂಢಿ ಹೇಳಲೇಬೇಕು. ಅವರಲ್ಲಿ ಕೆಲವು ವರ್ಷಕ್ಕೊಮ್ಮೆ ಊರವರೆಲ್ಲ ಕೂಡಿ ಊರ ಗಡಿಗುಂಟ ನಡೆಯುವುದಂತೆ. ಗಡಿಕಲ್ಲು ಬಂದಾಗ ಮಕ್ಕಳ ಕಿವಿ ಹಿಂಡುವುದು. ನೋವು ನೆನಪಿದ್ದರೆ ಕಲ್ಲಿನ ಜಾಗವೂ ನೆನಪಿರುತ್ತದೆ, ಮುಂದೆ ಪಕ್ಕದೂರಿನವರು ಕಲ್ಲು ಸರಿಸಿದರೆ ಸಾಕ್ಷಿ ಹೇಳಬಹುದು. ಅತ್ತಿ ಒಂದು ಪಂಚಮಿಗೆ ಓಣಿಯ ಮಕ್ಕಳನ್ನೆಲ್ಲ ಕಟ್ಟಿಕೊಂಡು ರಬಕವಿಯ ಗಡಿ ಸುತ್ತಿಸಿದಳು. ಹೊಲದ ಬದು, ಹೊಳೆಯ ದಂಡೆ, ಜಾಲಿಯ ಮುಳ್ಳು ಯಾವುದನ್ನೂ ಬಿಡಲಿಲ್ಲ. ಹಿಂಡಿದ್ದೂ ಸಣ್ಣಗೆ ಅಲ್ಲ. ಸಂಜೆ ಕೆಂಪು ಕಿವಿ ಹಿಡಿದುಕೊಂಡು ಬಂದ ನಮ್ಮನ್ನು ನೋಡಿ ಆಯಿ ಅವಳನ್ನು ಬಾಯಿಗೆ ಬಂದಂತೆ ಬೈದಳು. ಆದರೆ ಈಗಲೂ ರಬಕವಿ ಎಲ್ಲಿ ಮುಗಿಯುತ್ತದೆ ಎಂದು ನನ್ನನ್ನು ಕೇಳಿ, ಕಣ್ಣು ಮುಚ್ಚಿ ಹೇಳುತ್ತೇನೆ.

ನಾನು ಜಮಖಂಡಿಯಲ್ಲಿ ಕಾಲೇಜು ಓದುತ್ತಿದ್ದಾಗ ಸುದ್ದಿ ಬಂತು. ಆ ದೇಶದಲ್ಲಿ ಸಣ್ಣ ಊರುಗಳನ್ನು ದೊಡ್ಡವುಗಳಿಗೆ ಸೇರಿಸುತ್ತಿದ್ದಾರೆ, ಅತ್ತಿಯ ಊರನ್ನೂ ಪಕ್ಕದ ಶಹರಕ್ಕೆ ಸೇರಿಸುವ ಮಾತು ನಡೆದಿದೆ, ಊರವರನ್ನು ಕೇಳಿ ಮತ ಹಾಕಿಸುತ್ತಾರಂತೆ. ಅವಳ ತಂದೆ ಹಾಸಿಗೆ ಹಿಡಿದಿದ್ದರು. ಊರಿನ ಹೆಸರು ಹೋಗುವುದರೊಳಗೆ ಒಮ್ಮೆ ಬಂದು ಹೋಗು ಎಂದು ಹೇಳಿಕಳಿಸಿದ್ದರು. ಮದುವೆಯಾಗಿ ಬಂದ ಮೇಲೆ ಅವಳು ಒಂದು ಸಲವೂ ಹೋಗಿರಲಿಲ್ಲ. ಹೊರಟಳು. ಬನಹಟ್ಟಿಯಲ್ಲಿ ಗುಸುಗುಸು ಎದ್ದಿತು. ಮಕ್ಕಳಿಲ್ಲ ಮರಿಯಿಲ್ಲ, ಹೋದವಳು ಯಾಕೆ ಬರುತ್ತಾಳೆ... ಅವಳ ಗಂಡ ಹಗಲು ರಾತ್ರಿ ಮಗ್ಗದ ಶೆಡ್ಡಿನಲ್ಲೇ ಇರತೊಡಗಿದರು.

ಅವಳು ಅಲ್ಲಿದ್ದಾಗಲೇ ಪಂಚಮಿ ಬಂತು. ಅಪ್ಪ ಎಂದಿನಂತೆ ಧೋತರ ಉಟ್ಟು, ಟೊಪ್ಪಿಗೆ ಇಟ್ಟು ಬನಹಟ್ಟಿಗೆ ಹೊರಟರು. ನಾನು ಬೇಡವೆಂದರೂ ಕೇಳಲಿಲ್ಲ, ಕೊನೆಗೆ ನಾನೂ ಹೋದೆ. ಅದೇ ಹೊಸ್ತಿಲು, ಅದೇ ಹಿರಿಯಾಕೆ.

"ಆಕಿ ಇಲ್ಲಂತ ಗೊತ್ತಿಲ್ಲೇನೋ ನಿನಗ?"

"ಗೊತ್ತೈತ್ರಿ ಅವ್ವಾರ. ಕರಿಯಾಕ ಬರೂದು ತವರವ್ರ ಕೆಲಸ, ಬಂದೀನಿ. ಬಂದ ಮ್ಯಾಲ ಆಕಿಗಿ ಹೇಳ್ರಿ."

ಹಿರಿಯಾಕೆ ಚಹಾ ಮಾಡಿಸಿದರು. ಅಪ್ಪ ಕುಡಿದು ಏಳುವಾಗ ಹಿರಿಯಾಕೆ, ನಾನೆಂದೂ ಆ ಬಾಯಿಂದ ಕೇಳದ ದನಿಯಲ್ಲಿ, "ಬರ್ತಾಳಂತೀ?" ಎಂದರು. "ಬರ್ತಾಳ್ರಿ" ಎಂದರು ಅಪ್ಪ. ಅಷ್ಟು ಗಟ್ಟಿಯಾಗಿ ಹೇಗೆ ಹೇಳಿದರೋ ನನಗೆ ಇವತ್ತಿಗೂ ತಿಳಿದಿಲ್ಲ.

ದೀಪಾವಳಿ ಮುಗಿದ ಮೇಲೆ ಅತ್ತಿ ಕುಡಚಿಯಲ್ಲಿ ರೈಲು ಇಳಿದಳು. ಅಪ್ಪ ಹೋಗಿ ಕರೆದುಕೊಂಡು ಬಂದರು. ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ ಕಾದಿದ್ದರು. ಆಯಿಗೆ ಆಗ ಕಣ್ಣು ಕಾಣುತ್ತಿರಲಿಲ್ಲ. ಮೊದಲ ಪ್ರಶ್ನೆ ಅವಳದೇ: "ಹಣಮಪ್ಪ ಹೆಂಗದಾನ?"

"ಆರಾಮದಾನ್ರೀ ಆಯಿ" ಎಂದಳು ಅತ್ತಿ. "ಊರು ಉಳೀತು. ಮಂದಿ ನಾವು ಬ್ಯಾರೇನ ಇರ್ತೀವಿ ಅಂತ ವೋಟ್ ಹಾಕಿದ್ರು. ಹೆಸರು ಹೋಗಲಿಲ್ಲ."

ಹೆಂಗಸರು ತಮ್ಮದೇ ಊರು ಗೆದ್ದಂತೆ ಉಸಿರು ಬಿಟ್ಟರು. ಅತ್ತಿ ಮಾತ್ರ ನೆಲ ನೋಡುತ್ತಿದ್ದಳು.

"ನಮ್ಮಪ್ಪ ಹ್ವಾದ. ನನ್ನ ತಮ್ಮ ಮನಿ ಮಾರಿ ಶಹರ ಸೇರಿದ. ಊರೈತ್ರಿ, ಹೋದ್ರ ಇಳಿಯಾಕ ಮನಿ ಇಲ್ಲ."

ಆಯಿ ಗೋಡೆ ಹಿಡಿದು ಎದ್ದಳು, ಅವ್ವನನ್ನು ಕರೆದು ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ತರಿಸಿದಳು. "ಏಳು, ಉಡಿ ಒಡ್ಡು" ಎಂದಳು. ತವರಿಗೆ ಬಂದು ಹೋಗುವ ಮಗಳಿಗೆ ತುಂಬುವ ಉಡಿ ಅದು. ಅತ್ತಿ ಸೆರಗು ಒಡ್ಡಿ ನಿಂತಳು. ಕಾಣದ ಕಣ್ಣಿನ ಆಯಿ ತಡವರಿಸಿ ಬೊಗಸೆ ಬೊಗಸೆ ತುಂಬಿದಳು, ಅರ್ಧ ಅಕ್ಕಿ ನೆಲಕ್ಕೇ ಬಿತ್ತು. ಅತ್ತಿ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೂ ತಡೆಯಲಾಗಲಿಲ್ಲ.

ಆಮೇಲೆ ವರ್ಷಗಳು ಹೋದವು. ಆಯಿ ಹೋದಳು, ಅವ್ವ ಹೋದಳು, ಅಪ್ಪನೂ ಹೋದರು. ಇರುವ ತನಕ ಒಂದು ಪಂಚಮಿಯನ್ನೂ ಅಪ್ಪ ತಪ್ಪಿಸಲಿಲ್ಲ. ನನಗೆ ಅಣ್ಣತಮ್ಮಂದಿರಿಲ್ಲ. ಮದುವೆಯಾಗಿ, ಜಮಖಂಡಿಯ ಬ್ಯಾಂಕಿನಲ್ಲಿ ನೌಕರಿ ಮಾಡುತ್ತಿದ್ದೆ. ಒಂದು ದಿನ ಬ್ಯಾಂಕಿಗೆ ಫೋನ್ ಬಂತು. ಅತ್ತಿಯ ಮೈದುನನ ಮಗ.

"ಅಕ್ಕಾರ, ದೊಡ್ಡವ್ವ ಮುಂಜಾನೆ ಹೋಗ್ಯಾಳ್ರಿ. ನಮ್ಮ ಮುದುಕಿ ನೀರು ಹಾಕಾಕ ಬಿಡವಲ್ಲಳು. ತವರ ಸೀರಿ ಬರೂತನಕ ಯಾರೂ ಮುಟ್ಟಬ್ಯಾಡ್ರಿ ಅಂತ ಕುಂತಾಳ."

ನಮ್ಮಲ್ಲಿ ಹೆಣ್ಣು ತೀರಿದರೆ ಕೊನೆಗೆ ಉಡಿಸುವ ಸೀರೆ ತವರಿನಿಂದಲೇ ಬರಬೇಕು. ಆ ಮನೆಯ ಕೋಣೆಯಲ್ಲಿ ಮಾರಲಿಕ್ಕೆ ಇಟ್ಟ ಸೀರೆಗಳ ಗಂಟುಗಳು ಸೂರು ಮುಟ್ಟಿದ್ದವು. ಜರ್ಮನಿಯ ತಮ್ಮ ಬರುವುದು ಆಗದ ಮಾತು, ಇದರಲ್ಲೇ ಒಂದು ತೆಗೆದು ಉಡಿಸೋಣ ಎಂದು ಯಾರೋ ಅಂದರಂತೆ. ಅತ್ತಿಯ ಅತ್ತೆ ಒಪ್ಪಿರಲಿಲ್ಲ.

ಜಮಖಂಡಿಯ ಪೇಟೆಯಲ್ಲೇ ಸೀರೆ ಕೊಳ್ಳಬಹುದಿತ್ತು. ಕೊಳ್ಳಲಿಲ್ಲ. ಬಸ್ಸು ಹಿಡಿದು ಮೊದಲು ರಬಕವಿಗೆ ಹೋದೆ. ಅಲ್ಲಿಯ ಅಂಗಡಿಯಲ್ಲಿ ಮುತ್ತೈದೆಗೆ ಉಡಿಸುವ ಹಸಿರು ಸೀರೆ ತೆಗೆದುಕೊಂಡು, ಬೀಗ ಹಾಕಿದ್ದ ನಮ್ಮ ಮನೆ ತೆಗೆದು, ದೇವರ ಮುಂದೆ ಇಟ್ಟು ಎತ್ತಿಕೊಂಡೆ. ಅದನ್ನು ಕಂಕುಳಲ್ಲಿ ಒತ್ತಿಕೊಂಡು ಬನಹಟ್ಟಿಗೆ ನಡೆದೆ. ಟಾಂಗಾ ತಂದು ಕರೆದವರಾರೂ ಈಗಿಲ್ಲ, ನಾನು ಬೇರೆ ಮನೆಗೆ ಕೊಟ್ಟ ಮಗಳು. ನನ್ನ ಕೈಯ ಸೀರೆಯನ್ನು ತವರಿನ ಸೀರೆ ಎನ್ನದಿದ್ದರೆ ಅತ್ತಿ ಯಾರೂ ಇಲ್ಲದವಳಾಗಿ ಹೋಗುತ್ತಾಳೆ.

ಅಂಗಳದ ತುಂಬ ಜನ. ನನ್ನನ್ನು ನೋಡಿ ಒಬ್ಬ ಹಿರಿಯರು ಅಂದೇಬಿಟ್ಟರು: "ಈಕಿ ಕೊಟ್ಟ ಮಗಳಲ್ಲೇನು? ತವರಿನ ಗಂಡಸ್ರು ಯಾರೂ ಇಲ್ಲೇನ?"

ಅತ್ತಿಯ ಅತ್ತೆ ಹೆಣದ ತಲೆದೆಸೆಗೆ ಕುಳಿತಿದ್ದರು. ಎಂಬತ್ತು ದಾಟಿದ ಜೀವ, ಮುಂಜಾನೆಯಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ. ನನ್ನ ಕೈಯ ಸೀರೆ ನೋಡಿದರು, ನನ್ನ ಮುಖ ನೋಡಿದರು.

"ರಬಕವ್ಯಾಗಿಂದ ಬಂದಾಳ" ಎಂದರು. "ತವರವ್ರು ಬಂದ್ರು, ದಾರಿ ಬಿಡ್ರಿ."

ಜನ ಎರಡು ಬದಿಗೆ ಸರಿದರು. ನಾನು ಒಳಗೆ ಹೋದೆ.

ಈಗ ಎರಡು ಊರಿನ ನಡುವೆ ಬಯಲು ಉಳಿದಿಲ್ಲ, ಮನೆಗೆ ಮನೆ ಹತ್ತಿದೆ, ಯಾವುದು ಎಲ್ಲಿ ಮುಗಿಯಿತು ಎಂದು ಹೊಸಬರಿಗೆ ತಿಳಿಯುವುದಿಲ್ಲ. ಪಂಚಮಿಯ ಮುಂಚಿನ ದಿನ ಇವತ್ತಿಗೂ ನನಗೆ ಮುಂಜಾನೆ ಬೇಗ ಎಚ್ಚರವಾಗುತ್ತದೆ. ಒಂದು ಗಳಿಗೆ, ಬನಹಟ್ಟಿಗೆ ಹೋಗಬೇಕಲ್ಲ ಎಂದು ಅವಸರವೂ ಆಗುತ್ತದೆ... ಕರೆಯುವ ಹಕ್ಕು ನನಗೆ ಇದೆ, ಕೇಳಿದರೆ ಆ ಮನೆಯವರು ಇಲ್ಲ ಎನ್ನುವುದೂ ಇಲ್ಲ. ಕಳಿಸಲು ಅವರ ಬಳಿ ಅತ್ತಿ ಇಲ್ಲ.